ಒಂದ್ಸಲ ಆಫ್ ಮಾಡಿ ಆನ್ ಮಾಡಿ

ಮನೆಮಂದಿಯೆಲ್ಲ ಒಂದೇ ಸಲ ತಲೆ ಎತ್ತಿದರು ಅಂದರೆ ನೆಟ್ ಹೋಯಿತು ಅಂತ ಲೆಕ್ಕ. ಮಿಕ್ಕ ಹೊತ್ತಿನಲ್ಲಿ ‘ಕಾಫಿ ಆರ್ತಾ ಇದೆ, ಬನ್ರೋ’ ಅಂತ ಗಂಟಲು ಹರಕೊಂಡರೂ ಅಲ್ಲಾಡದ ಕತ್ತುಗಳು ಆಗ ಕರೆಯದೇ ಏಳುತ್ತವೆ. ‘ನಿಂಗೂ ಹೋಯ್ತಾ?’ ‘ನಂಗೂ ಹೋಯ್ತು’ ಅಂತ ಪರಸ್ಪರ ಖಾತ್ರಿ ಮಾಡಿಕೊಂಡು, ಆಮೇಲೆ ಎಲ್ಲರೂ ಶೋಕೇಸಿನ ಕಡೆ ತಿರುಗುತ್ತಾರೆ. ಅಲ್ಲಿ ಚನ್ನಪಟ್ಟಣದ ಗೊಂಬೆಗಳ ಹಿಂದೆ, ಮಗನ ಸ್ಕೂಲ್ ಡೇ ಶೀಲ್ಡಿನ ಪಕ್ಕದಲ್ಲಿ, ಅತ್ತೆ ಹೆಣೆದ ಕ್ರೋಶಾ ಕವರು ಹೊದ್ದುಕೊಂಡು, ಎರಡು ಕೊಂಬು ನಿಗುರಿಸಿಕೊಂಡು ನಮ್ಮ ರೌಟರು ಕೂತಿರುತ್ತೆ. ದೀಪಗಳೆಲ್ಲ ಉರೀತಾನೇ ಇರುತ್ತವೆ. ಕೆಲಸ ಮಾತ್ರ ಇಲ್ಲ. (ಇಂಥವರನ್ನು ಆಫೀಸಿನಲ್ಲೂ ಕಂಡಿದ್ದೇನೆ, ಹೆಸರು ಬೇಡ.)

‘ತಡೀರಿ, ಆಫ್ ಮಾಡಿ ಆನ್ ಮಾಡ್ತೀನಿ.’ ಈ ಮಾತು ಹೇಳುವ ಹಕ್ಕು ನಮ್ಮ ಮನೆಯಲ್ಲಿ ನಮ್ಮವರೊಬ್ಬರದೇ. ಗ್ಯಾಸ್ ಸಿಲಿಂಡರ್ ಬದಲಾಯಿಸಿ ಅಂದರೆ, ನಲ್ಲಿಗೆ ವಾಷರ್ ಹಾಕಿ ಅಂದರೆ ಸೊಂಟ ಹಿಡಿದುಕೊಳ್ಳುವ ಮನುಷ್ಯ, ರೌಟರ್ ಅಂದರೆ ಇಪ್ಪತ್ತರ ಹುಡುಗ ಆಗಿಬಿಡುತ್ತಾರೆ. ಪಂಚೆ ಎತ್ತಿಕಟ್ಟಿ, ಸ್ವಿಚ್ಚು ಆರಿಸಿ, ಬೀದಿಗೆಲ್ಲ ಕೇಳುವ ಹಾಗೆ ಎಣಿಸುತ್ತಾರೆ. ಎಷ್ಟರವರೆಗೆ ಎಣಿಸಬೇಕು ಅನ್ನುವುದರಲ್ಲಿ ಮಾತ್ರ ಮತಭೇದ ಇದೆ. ಅವರದು ಹತ್ತರ ಪಂಥ, ಮಗನದು ಮೂವತ್ತರ ಪಂಥ. ‘ಅಷ್ಟು ಎಣಿಸೋ ಬದಲು ಒಂದು ಶ್ಲೋಕ ಹೇಳ್ಕೊಳ್ಳೋ, ಪುಣ್ಯನಾದ್ರೂ ಬರುತ್ತೆ’ ಅನ್ನುವುದು ಅತ್ತೆಯ ಪಂಥ.

ನನ್ನ ವೋಟು ಮಗನಿಗೆ. ಸ್ವಿಚ್ಚು ಆರಿಸಿದ ತಕ್ಷಣ ಡಬ್ಬ ಪ್ರಾಣ ಬಿಡುವುದಿಲ್ಲ. ಒಳಗಿನ ಕೆಪಾಸಿಟರುಗಳಲ್ಲಿ ಒಂದಿಷ್ಟು ಚಾರ್ಜು ಉಳಿದಿರುತ್ತೆ. ಅದು ಇಳಿಯುವ ಮುಂಚೆಯೇ ಮತ್ತೆ ಕರೆಂಟು ಕೊಟ್ಟರೆ ಹಳೇ ಗೊಂದಲ ಪೂರ್ತಿ ಅಳಿಯದೆ ಉಳಿದುಕೊಳ್ಳಬಹುದು. ಜೊತೆಗೆ ಆ ಕಡೆ ಕಂಪನಿಯ ಸರ್ವರಿಗೂ ‘ಇವರು ಎದ್ದು ಹೋದರು’ ಅಂತ ತಿಳಿಯುವುದಕ್ಕೆ ಒಂದಷ್ಟು ಹೊತ್ತು ಬೇಕು. ಇಲ್ಲದಿದ್ದರೆ ಹಳೇ ಲಾಗಿನ್ ಇನ್ನೂ ಇದೆ ಅಂದುಕೊಂಡು ಹೊಸದನ್ನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತೆ. ಹತ್ತು ಅನ್ನುವುದು ನಮ್ಮವರ ತಾಳ್ಮೆಯ ಕೊನೆ, ಅಷ್ಟೇ.

ಆದರೂ ಸುಳ್ಳು ಹೇಳಬಾರದು, ಅವರು ಆರಿಸಿ ಹಾಕಿದರೆ ನೆಟ್ ಬರುತ್ತೆ. ಯಾಕೆ ಅಂತ ಕೇಳಿದರೆ ‘ಫ್ರೆಶ್ ಆಗುತ್ತೆ ಕಣೇ’ ಅನ್ನುತ್ತಾರೆ. ಆ ಉತ್ತರ ಅಂಥ ತಪ್ಪೇನಲ್ಲ. ಡಬ್ಬದೊಳಗೆ ಇರುವುದೂ ಒಂದು ಪುಟ್ಟ ಕಂಪ್ಯೂಟರೇ. ಬಹಳಷ್ಟರಲ್ಲಿ ಓಡುವುದು ಲಿನಕ್ಸು. ಮಗನ ಫೋನಿನಲ್ಲಿ ಗಿಗಾಬೈಟ್ ಲೆಕ್ಕದ ಮೆಮೊರಿ ಇದ್ದರೆ ಅಗ್ಗದ ರೌಟರಿನಲ್ಲಿ ಇರುವುದು 64 ಇಲ್ಲವೇ 128 ಮೆಗಾಬೈಟು. ಅಷ್ಟರಲ್ಲೇ ಇಡೀ ಮನೆಯ ಸಂಸಾರ ತೂಗಬೇಕು. ಒಳಗೆ ನಮ್ಮೆಲ್ಲರಿಗೂ 192.168 ಅಂತ ಶುರುವಾಗುವ ಖಾಸಗಿ ನಂಬರುಗಳು. ಹೊರಗಿನವರಿಗೆ ಕಾಣುವುದು ಒಂದೇ ವಿಳಾಸ. ಹಾಗಾಗಿ ಯಾರು ಯಾವ ಸೈಟಿಗೆ ಹೋದರು, ಬಂದ ಉತ್ತರ ಯಾರಿಗೆ ಸೇರಬೇಕು ಅಂತ ರೌಟರು ಒಂದು ಪಟ್ಟಿ ಇಟ್ಟುಕೊಳ್ಳಬೇಕು. ದೇವಸ್ಥಾನದ ಮುಂದೆ ಚಪ್ಪಲಿ ಸ್ಟ್ಯಾಂಡಿನವನು ಟೋಕನ್ ಕೊಡುತ್ತಾನಲ್ಲ, ಅದೇ ಕೆಲಸ. ತಾಪತ್ರಯ ಏನಪ್ಪಾ ಅಂದರೆ, ಕೆಲವರು ಟೋಕನ್ ತಗೊಂಡು ಹಿಂದಿನ ಬಾಗಿಲಿಂದ ಬರಿಗಾಲಲ್ಲೇ ಮನೆಗೆ ಹೋಗಿಬಿಡುತ್ತಾರೆ. ಇವನು ಪಾಪ ಕಾಯುತ್ತಾ ಕೂರುತ್ತಾನೆ. ಲಿನಕ್ಸು ತನ್ನ ಪಾಡಿಗೆ ಬಿಟ್ಟರೆ, ಮಾತು ಮುಗಿಸದೆ ಸುಮ್ಮನಾದ ಒಂದು ಸಂಪರ್ಕಕ್ಕಾಗಿ ಕಾಯುವುದು 4,32,000 ಸೆಕೆಂಡು, ಅಂದರೆ 5 ದಿನ. ಡಬ್ಬ ಮಾಡಿದವರು ಅದನ್ನು ಇಳಿಸಿದ್ದರೆ ಪುಣ್ಯ. ಮಗ ಟೊರೆಂಟ್ ಹಾಕಿದ ಅಂದರೆ ನೂರಾರು ಟೋಕನ್ ಒಂದೇ ಏಟಿಗೆ ಹೋಗುತ್ತವೆ. ಗೂಡುಗಳೆಲ್ಲ ತುಂಬಿದ ಮೇಲೆ ಹೊಸಬರಿಗೆ ಜಾಗ ಇಲ್ಲ, ಆಗಲೇ ಒಳಗಿದ್ದವರಿಗೆ ಏನೂ ತೊಂದರೆ ಇಲ್ಲ. ಅದಕ್ಕೇ ವಾಟ್ಸಾಪಿನಲ್ಲಿ ‘ಶುಭ ಮುಂಜಾನೆ’ ತಪ್ಪದೆ ಬರುತ್ತೆ, ಬೆಸ್ಕಾಂ ಬಿಲ್ಲು ಕಟ್ಟಲು ಹೊಸದಾಗಿ ತೆಗೆದ ಪುಟ ಮಾತ್ರ ಸುತ್ತುತ್ತಲೇ ಇರುತ್ತೆ. ನೆಟ್ ಇದೆ ಅನ್ನುವ ಹಾಗಿಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ. ಮಾಯೆಗೆ ಶಂಕರಾಚಾರ್ಯರು ಹೇಳಿದ ಲಕ್ಷಣವೂ ಹೆಚ್ಚು ಕಮ್ಮಿ ಇದೇ. ಸ್ವಿಚ್ಚು ಆರಿಸಿ ಹಾಕಿದಿರಿ, ಗೂಡುಗಳೆಲ್ಲ ಖಾಲಿ, ಮಾಯೆ ಮಾಯ.

ಇದನ್ನು ದೊಡ್ಡ ದೊಡ್ಡವರೂ ಒಪ್ಪಿದ್ದಾರೆ. 1995ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನವರು ಒಂದು ಪ್ರಬಂಧ ಬರೆದರು. ನಿಲ್ಲಿಸದೆ ಓಡುವ ಸಾಫ್ಟ್‌ವೇರಿಗೂ ಮುಪ್ಪು ಬರುತ್ತೆ, ಹಿಡಿದ ಮೆಮೊರಿಯನ್ನು ಬಿಡದೆ ಜಡವಾಗುತ್ತೆ, ಅದು ತಾನಾಗಿ ಕೆಡುವ ಮುಂಚೆ ನಾವೇ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಪುನರ್ಯೌವನ ಬರುತ್ತೆ ಅಂತ ಅದರ ಸಾರಾಂಶ. ಪಾಪ ಯಯಾತಿ! ಮಗನ ಹತ್ತಿರ ಯೌವನ ಬೇಡಿ ಮರ್ಯಾದೆ ಕಳಕೊಂಡ. ಆಗ ಸ್ವಿಚ್ಚಿರಲಿಲ್ಲ.

ನಮ್ಮವರಿಗೆ ಇಂಥದ್ದೆಲ್ಲ ಹೇಳಿದ್ದು ನನ್ನ ಕರ್ಮ. ಈಗ ನೆಂಟರು ಬಂದಾಗಲೆಲ್ಲ ಅವರು ವಿಮಾನದ ಕಥೆಯಿಂದಲೇ ಶುರು ಮಾಡುವುದು. ಕಥೆ ನಿಜವಾದದ್ದೇ. ಬೋಯಿಂಗ್ 787 ವಿಮಾನದ ಜನರೇಟರುಗಳನ್ನು ನೋಡಿಕೊಳ್ಳುವ ಯಂತ್ರಗಳನ್ನು ಸತತವಾಗಿ 248 ದಿನ ಆರಿಸದೇ ಬಿಟ್ಟರೆ, ಒಳಗಿನ ಲೆಕ್ಕದ ಸಂಖ್ಯೆ ಅದಕ್ಕೆ ಮೀಸಲಿಟ್ಟ ಜಾಗ ಮೀರಿ, ಎಲ್ಲ ಒಟ್ಟಿಗೆ ಕೈಚೆಲ್ಲಿ, ಜನರೇಟರುಗಳಿಂದ ಬರುವ ವಿದ್ಯುತ್ತು ಪೂರ್ತಿ ಹೋಗುವ ಸಾಧ್ಯತೆ ಇತ್ತು. 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ, ಅಷ್ಟು ದಿನ ಆಗುವ ಮುಂಚೆಯೇ ಕರೆಂಟು ತೆಗೆದು ಹಾಕಿ ಅಂತ ವಿಮಾನ ಕಂಪನಿಗಳಿಗೆ ಆದೇಶ ಕೊಟ್ಟಿತು. ‘ಕೋಟಿಗಟ್ಟಲೆ ಡಾಲರಿನ ವಿಮಾನಾನೇ ಆಫ್ ಮಾಡಿ ಆನ್ ಮಾಡ್ತಾರೆ, ನಾನು ಮಾಡಿದ್ರೆ ನಗ್ತೀಯ’ ಅಂತ ನನ್ನ ಕಡೆ ನೋಡುತ್ತಾರೆ. ಆಮೇಲೆ ಎರಡನೇ ಅಸ್ತ್ರ: ‘ಎಫ್‌ಬಿಐನವರೇ ಹೇಳಿದಾರೆ.’ ಅದೂ ನಿಜ. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಅನ್ನುವ ದುಷ್ಟ ತಂತ್ರಾಂಶವೊಂದು 54 ದೇಶಗಳಲ್ಲಿ ಕಡಿಮೆ ಅಂದರೂ 5 ಲಕ್ಷ ಉಪಕರಣಗಳಿಗೆ ಹೊಕ್ಕಿದ್ದು ಗೊತ್ತಾಗಿ, ಮನೆ ಮತ್ತು ಸಣ್ಣ ಕಚೇರಿಗಳ ರೌಟರುಗಳನ್ನು ಒಂದು ಸಲ ಆರಿಸಿ ಹಾಕಿ ಅಂತ ಎಫ್‌ಬಿಐ ಜನರನ್ನು ಕೇಳಿಕೊಂಡಿತು.

ಆ ಸುದ್ದಿಯ ಮುಂದಿನ ಅರ್ಧವನ್ನು ನಮ್ಮವರು ಓದಿಲ್ಲ. ಆರಿಸಿ ಹಾಕಿದರೆ ಆ ತಂತ್ರಾಂಶದ ಮೇಲಿನ ಹಂತಗಳು ಮಾತ್ರ ಉದುರುತ್ತಿದ್ದವು. ಬುಡದ ಹಂತ ಡಬ್ಬದಲ್ಲೇ ಗಟ್ಟಿಯಾಗಿ ಕೂತಿರುತ್ತಿತ್ತು. ಅದನ್ನು ಕೀಳಬೇಕಾದರೆ ರೌಟರನ್ನು ಪೂರ್ತಿ ರೀಸೆಟ್ ಮಾಡಿ, ಹೊಸ ಫರ್ಮ್‌ವೇರ್ ಹಾಕಬೇಕಿತ್ತು.

ನನ್ನ ತಕರಾರು ಇರುವುದೂ ಇಲ್ಲೇ. ಆಫ್ ಮಾಡಿ ಆನ್ ಮಾಡುವುದರ ದೊಡ್ಡ ದೋಷ ಅಂದರೆ ಅದರಿಂದ ಕೆಲಸ ಆಗಿಬಿಡುವುದು. ನೆಟ್ ಬಂತು, ಎಲ್ಲರ ಕತ್ತು ಕೆಳಗೆ ಹೋಯಿತು, ಇನ್ನು ಯಾಕೆ ಹೋಗಿತ್ತು ಅಂತ ಕೇಳುವವರು ಯಾರು? ಕೇಳಿದರೂ ಹೇಳುವವರಿಲ್ಲ. ರೌಟರು ತನಗೇನಾಯಿತು ಅಂತ ಬರೆದಿಟ್ಟುಕೊಳ್ಳುವ ದಿನಚರಿ ಸಾಮಾನ್ಯವಾಗಿ ಇರುವುದು ಅದೇ ಮೆಮೊರಿಯಲ್ಲಿ. ಕರೆಂಟು ತೆಗೆದರೆ ಅದೂ ಅಳಿಸಿಹೋಗುತ್ತೆ. ಸಾಕ್ಷ್ಯನಾಶಕ್ಕೆ ಕಾನೂನಿನಲ್ಲಿ ಸೆಕ್ಷನ್ ಇದೆ; ರೌಟರಿಗೆ ಅದು ಅನ್ವಯಿಸದೇ ಇರುವುದು ನಮ್ಮವರ ಅದೃಷ್ಟ.

ಗೌರಿ ಹಬ್ಬಕ್ಕೆ ಅಕ್ಕನ ಮಗಳು ಬಂದಿದ್ದಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದೇ ನೆಟ್‌ವರ್ಕಿನ ಕೆಲಸ. ಎಲ್ಲರ ತಲೆ ಎದ್ದವು, ನಮ್ಮವರು ಪಂಚೆ ಎತ್ತಿಕಟ್ಟಿದರು.

‘ಚಿಕ್ಕಪ್ಪ, ಮುಟ್ಟಬೇಡಿ!’

ಈ ಮನೆಯಲ್ಲಿ ಆ ಧ್ವನಿಯಲ್ಲಿ ಅವರಿಗೆ ಮಾತಾಡಿದವರು ನನ್ನನ್ನು ಬಿಟ್ಟರೆ ಅವಳೇ. ಫೋನಿನಲ್ಲಿ 192.168.1.1 ಅಂತ ಹೊಡೆದಳು. ರೌಟರಿನ ಪುಟ ಬರಲೋ ಬೇಡವೋ ಅಂತ ಒದ್ದಾಡಿತು. ಬ್ಯಾಗಿನಿಂದ ವೈರು ತೆಗೆದು ಲ್ಯಾಪ್‌ಟಾಪಿಗೆ ಚುಚ್ಚಿದಳು. ಪುಟವೂ ಬಂತು, ಊರ ಸುದ್ದಿಯೂ ಬಂತು! ‘ನೋಡಿ ಚಿಕ್ಕಮ್ಮ, ಡಬ್ಬ ಚೆನ್ನಾಗಿದೆ, ಹೊರಗಿನ ಲೈನೂ ಚೆನ್ನಾಗಿದೆ, ಗಾಳಿ ಕೆಟ್ಟಿದೆ’ ಅಂದಳು. ವೈರಿನಲ್ಲಿ ರೌಟರಿನ ಪುಟ ಬಂದು ಹೊರಗಿನದು ಬರದಿದ್ದರೆ ತಪ್ಪು ಕಂಪನಿಯ ಕಡೆಯದು. ವೈರಿನಲ್ಲೂ ಆ ಪುಟ ಬರಲಿಲ್ಲ ಅಂದರೆ ಡಬ್ಬವೇ ಮಲಗಿದೆ. ಆರಿಸುವ ಮುಂಚೆ ಇಷ್ಟು ನೋಡಿಕೊಂಡರೆ ಅರ್ಧ ರೋಗ ಗೊತ್ತಾದ ಹಾಗೆ. ಆಮೇಲೆ ಗಾಳಿ ಯಾಕೆ ಕೆಟ್ಟಿದೆ ಅಂತ ನೋಡಲು ಸುತ್ತ ಕಣ್ಣಾಡಿಸಿದವಳು ಕೇಳಿದಳು: ‘ಅಡುಗೆಮನೇಲಿ ಯಾರಾದ್ರೂ ಓವನ್ ಹಾಕಿದೀರಾ?’

ಅತ್ತೆ ಹಾಲು ಬಿಸಿಗಿಟ್ಟಿದ್ದರು. ಶೋಕೇಸಿನ ಗೋಡೆಯ ಆ ಬದಿಗೇ ಓವನ್. ‘ನಾನು ಹಾಲು ಬಿಸಿ ಮಾಡಿದ್ರೆ ಇವನ ನೆಟ್ ಯಾಕೆ ಹೋಗಬೇಕು?’

ಯಾಕೆ ಅಂದರೆ ಮೈಕ್ರೋವೇವ್ ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಅಲೆಗಳಲ್ಲಿ, ನಮ್ಮ ವೈಫೈ ಇರುವುದೂ 2.4ರ ಅದೇ ಬೀದಿಯಲ್ಲಿ. ಓವನ್ನಿನಿಂದ ಸೋರುವ ಚೂರುಪಾರೇ ಪಕ್ಕದಲ್ಲಿರುವ ರೌಟರಿಗೆ ಬೊಬ್ಬೆ. ಹಾಲು ಕಾಯುವುದಕ್ಕೆ ಎರಡು ನಿಮಿಷ. ನಮ್ಮವರು ಆರಿಸಿ, ಹತ್ತು ಎಣಿಸಿ, ಹಾಕಿ, ಡಬ್ಬ ಎದ್ದು ಕೂರುವುದಕ್ಕೂ ಎರಡು ನಿಮಿಷ. ಅಷ್ಟರಲ್ಲಿ ಓವನ್ ‘ಟಿಂಗ್’ ಅಂದಿರುತ್ತೆ. ನೆಟ್ ಬಂದದ್ದು ಹಾಲು ಕಾದದ್ದಕ್ಕೆ, ಹೆಸರು ಬಂದದ್ದು ನಮ್ಮವರಿಗೆ. ಇದನ್ನು ಕೇಳಿ ಮನೆಯಲ್ಲಿ ಯಾರಿಗೆ ಎಷ್ಟು ಸಂತೋಷವಾಯಿತು ಅಂತ ಬರೆಯುವುದು ಸಭ್ಯತೆಯಲ್ಲ. ಅತ್ತೆ ಮಾತ್ರ, ‘ಹಾಗಾದ್ರೆ ಇಷ್ಟು ದಿನ ನೆಟ್ ತರಿಸ್ತಿದ್ದೋಳು ನಾನೇ ಅನ್ನು’ ಅಂದು ಲೋಟ ಕೈಗೆತ್ತಿಕೊಂಡರು.

ಗಾಳಿ ಕೆಡಿಸುವವರಲ್ಲಿ ಓವನ್ನೊಂದೇ ಅಲ್ಲ, ಅಕ್ಕಪಕ್ಕದವರೂ ಇದ್ದಾರೆ. ಅವಳ ಫೋನಿನಲ್ಲಿ ಸುತ್ತಲಿನ ವೈಫೈಗಳ ಪಟ್ಟಿ ಉರುಳಿಸಿದಷ್ಟೂ ಬಂತು. ಮೇಲಿನ ಮನೆಯ ಹುಡುಗರು ತಮ್ಮದಕ್ಕೆ ‘ಸ್ವಂತದ್ದು ಹಾಕಿಸ್ಕೊಳ್ಳಿ’ ಅಂತ ಹೆಸರಿಟ್ಟಿದ್ದಾರೆ, ಯಾರಿಗೆ ಹೇಳಿದ್ದೋ! 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು ಮೂರೇ: 1, 6, 11. ಅಕ್ಕಪಕ್ಕ ಎಲ್ಲರೂ 6ರಲ್ಲೇ ಕೂತಿದ್ದರೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ‘ಆಟೋ’ ಅಂತ ಬಿಟ್ಟ ರೌಟರು ಏಳುವಾಗ ಒಂದು ಸಲ ಸುತ್ತ ನೋಡಿ ಖಾಲಿ ಚಾನೆಲ್ ಹಿಡಿಯುತ್ತೆ. ಎಷ್ಟೋ ಡಬ್ಬಗಳು ಆಮೇಲೆ ತಲೆ ಎತ್ತಿ ನೋಡುವುದೇ ಇಲ್ಲ. ಆರಿಸಿ ಹಾಕಿದಾಗ ಸರಿಹೋಗುವುದಕ್ಕೆ ಇದೂ ಒಂದು ಕಾರಣ. ಅವಳು ನಮ್ಮದನ್ನು 11ಕ್ಕೆ ಕಟ್ಟಿಹಾಕಿ, ಹೊಸ ಫೋನುಗಳನ್ನೆಲ್ಲ 5 ಗಿಗಾಹರ್ಟ್ಸಿಗೆ ಸಾಗಹಾಕಿದಳು. ಅಲ್ಲಿ ಜಾಗ ವಿಶಾಲ, ಆದರೆ ಗೋಡೆ ದಾಟುವ ತಾಕತ್ತು ಕಡಿಮೆ. ಮಗನ ರೂಮಿನಲ್ಲಿ ಬಾಗಿಲು ಹಾಕಿಕೊಂಡರೆ ಸಿಗ್ನಲ್ ಇಳಿಯುತ್ತೆ. ಈಗ ಬಾಗಿಲು ತೆರೆದೇ ಇರುತ್ತೆ. ಇದನ್ನು ರಿಪೇರಿ ಮಾಡಿಸುವ ಉದ್ದೇಶ ನನಗಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಸಂಜೆ ಇನ್ನೊಂದು ಅವತಾರ. ದೀಪಗಳೆಲ್ಲ ಒಮ್ಮೆ ಆರಿ ತಾವಾಗೇ ಹೊತ್ತಿಕೊಂಡವು. ಕರೆಂಟು ಹೋಗಿಲ್ಲ, ಫ್ಯಾನು ತಿರುಗುತ್ತಲೇ ಇದೆ. ಅವಳು ಶೋಕೇಸಿನ ಹಿಂದೆ ಕೈ ತೂರಿಸಿ ಅಡಾಪ್ಟರು ಮುಟ್ಟಿ, ಹಾವು ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಅದರ ಬೆನ್ನ ಮೇಲೆ 12 ವೋಲ್ಟ್, 1 ಆಂಪಿಯರ್ ಅಂತ ಬರೆದಿದೆ. ಬರೆದಿದೆ, ಅಷ್ಟೇ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಬಿಸಿಗೆ ಒಣಗುತ್ತಾ ಬರುತ್ತವೆ. 10 ಡಿಗ್ರಿ ಬಿಸಿ ಏರಿದರೆ ಅವುಗಳ ಆಯಸ್ಸು ಅರ್ಧಕ್ಕೆ ಇಳಿಯುತ್ತೆ ಅನ್ನುವುದು ಆ ಕಸುಬಿನವರ ಅಂದಾಜು. ಬೆಳಿಗ್ಗೆ ಕೆಲಸ ಕಮ್ಮಿ ಇದ್ದಾಗ ಹೇಗೋ ತಳ್ಳುತ್ತೆ. ಸಂಜೆ ಟೀವಿ, ಮಗನ ಗೇಮು, ನಮ್ಮವರ ಯೂಟ್ಯೂಬು ಎಲ್ಲ ಒಟ್ಟಿಗೆ ಎಳೆದಾಗ ವೋಲ್ಟೇಜು ಕುಸಿದು ಡಬ್ಬ ಮೂರ್ಛೆ ಹೋಗುತ್ತೆ. ಸಂಜೆಯೇ ಯಾಕೆ ಕೈಕೊಡುತ್ತೆ ಅಂತ ನಮ್ಮ ಮನೆಯಲ್ಲಿ ಕಂಪನಿ, ಮಳೆ, ಮೇಲಿನ ಮನೆಯ ಹುಡುಗರು, ಕೊನೆಗೆ ಅಮಾವಾಸ್ಯೆ, ಹೀಗೆ ಎಲ್ಲರ ಮೇಲೂ ಗುಮಾನಿ ಆಗಿತ್ತು. ಅಡಾಪ್ಟರಿನ ಮೇಲೆ ಒಬ್ಬರಿಗೂ ಬಂದಿರಲಿಲ್ಲ, ಯಾಕೆಂದರೆ ಅದು ಕಣ್ಣಿಗೇ ಕಾಣುತ್ತಿರಲಿಲ್ಲ.

ಹೊಸ ಅಡಾಪ್ಟರು ತರಲು ಎಸ್.ಪಿ. ರೋಡಿಗೆ ಹೋದೆವು. ‘ಮೇಡಂ, ಒರಿಜಿನಲ್ ಬೇಕಾ, ಒರಿಜಿನಲ್ ಥರದ್ದು ಬೇಕಾ?’ ಅಂತ ಕೇಳಿದ ಅಂಗಡಿಯವನ ಪ್ರಾಮಾಣಿಕತೆಗೆ ಕೈ ಮುಗಿಯಬೇಕು. ವೋಲ್ಟು ಅಷ್ಟೇ ಇರಬೇಕು; ಆಂಪಿಯರು ಜಾಸ್ತಿ ಇದ್ದರೆ ಅಡ್ಡಿಯಿಲ್ಲ, ಕಮ್ಮಿ ಇರಬಾರದು; ಪಿನ್ನಿನ ಅಳತೆಯೂ ಪ್ಲಸ್ಸು ಮೈನಸ್ಸೂ ಹೊಂದಬೇಕು. ಕನ್ಯೆ ನೋಡಲು ಹೋದಾಗಲೂ ನಮ್ಮವರು ಇಷ್ಟು ವಿಚಾರಿಸಿರಲಿಲ್ಲ.

ಕಷ್ಟವಾದದ್ದು ಕ್ರೋಶಾ ಕವರಿನ ಪ್ರಕರಣ. ರೌಟರಿಗೆ ಫ್ಯಾನಿಲ್ಲ, ಮೈಮೇಲಿನ ತೂತುಗಳಲ್ಲೇ ಬಿಸಿ ಹೊರಗೆ ಹೋಗಬೇಕು. 40 ಡಿಗ್ರಿವರೆಗಿನ ವಾತಾವರಣಕ್ಕೆ ಅಂತ ಮಾಡಿದ ಡಬ್ಬಗಳೇ ಹೆಚ್ಚು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ನೆರಳಲ್ಲೇ ಅದು ದಾಟುತ್ತೆ. ಬೆಂಗಳೂರಿನಲ್ಲಿ ಆ ಭಾಗ್ಯವನ್ನು ನಾವು ಉಣ್ಣೆ ಹೊದಿಸಿ ಸಂಪಾದಿಸಿದ್ದೆವು. ‘ಅಜ್ಜಿ, ಅದಕ್ಕೆ ಉಸಿರು ಕಟ್ಟುತ್ತೆ’ ಅಂತ ಅಕ್ಕನ ಮಗಳು ಅಂದರೆ, ‘ಧೂಳು ಕೂತ್ರೆ ಕಟ್ಟಲ್ವಾ?’ ಅಂತ ಅತ್ತೆ. ಆಗಲೂ ಈಗಲೂ ನನ್ನ ಹತ್ತಿರ ಅದಕ್ಕೆ ಉತ್ತರ ಇಲ್ಲ. ಕೊನೆಗೆ ಕವರು ಗೊಂಬೆಗಳಿಗೆ ಹೋಯಿತು, ಡಬ್ಬ ಗೋಡೆಗೆ ಹೋಯಿತು.

ಇಷ್ಟಾದರೂ ಒಂದು ಸಂದರ್ಭದಲ್ಲಿ ಆಫ್ ಆನ್ ಮಾಡಿ ಏನೇನೂ ಉಪಯೋಗವಿಲ್ಲ. ಡಬ್ಬದ ಮೇಲೆ ‘ಲಾಸ್’ ಅಂತ ಬರೆದ ಪುಟ್ಟ ದೀಪ ಕೆಂಪಗೆ ಮಿಟುಕಿದರೆ ಹೊರಗಿನಿಂದ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಫೈಬರಿನ ಒಳಗಿನ ಗಾಜು, ಕೂದಲಷ್ಟೇ ತೆಳ್ಳಗೆ, 125 ಮೈಕ್ರಾನು. ನಮ್ಮ ರಸ್ತೆಯಲ್ಲಿ ಒಳಚರಂಡಿಗೆ ಅಂತ ಜೆಸಿಬಿ ಬಂದ ದಿನ ಆ ಗಾಜು ಎರಡು ತುಂಡಾಗಿ ಮಣ್ಣಿನಲ್ಲಿ ಬಿದ್ದಿತ್ತು. ಒಳಗೆ ನಮ್ಮವರು ಆರಿಸುತ್ತಿದ್ದಾರೆ, ಎಣಿಸುತ್ತಿದ್ದಾರೆ, ಹಾಕುತ್ತಿದ್ದಾರೆ. ಕಂಪನಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿಯೂ ‘ಮೇಡಂ, ರೀಸ್ಟಾರ್ಟ್ ಮಾಡಿದ್ರಾ?’ ಅಂತ. ‘ರಸ್ತೆ ಅಗೆದಿದ್ದಾರಮ್ಮ’ ಅಂದೆ. ‘ಓಕೆ ಮೇಡಂ, ಅದಾದ್ಮೇಲೆ ಒಂದ್ಸಲ ರೀಸ್ಟಾರ್ಟ್ ಮಾಡಿದ್ರಾ?’

ಲೈನ್ ಜೋಡಿಸಲು ಬಂದ ಹುಡುಗ ಬೆಳಕು ಎಷ್ಟು ಬರುತ್ತಿದೆ ಅಂತ ಮೀಟರು ಹಿಡಿದು ನೋಡಿದ, ಮೈನಸ್ ಇಪ್ಪತ್ತರ ಚಿಲ್ಲರೆ ತೋರಿಸಿತು. ಮೈನಸ್ 27 ದಾಟಿ ಕೆಳಗೆ ಹೋದರೆ ಡಬ್ಬಕ್ಕೆ ಕಣ್ಣು ಕಾಣುವುದಿಲ್ಲ ಅಂದ. ಹೆಚ್ಚಾಗಿ ಉಳಿದಿದ್ದ ಫೈಬರನ್ನು ಯಾರೋ ಶೋಕೇಸಿನ ಹಿಂದಿನ ಮೊಳೆಗೆ ಬಿಗಿಯಾಗಿ ಸುತ್ತಿದ್ದರು; ಅಷ್ಟು ಬಗ್ಗಿಸಿದರೆ ಬೆಳಕು ತಿರುವಿನಲ್ಲೇ ಹೊರಗೆ ಸೋರಿಹೋಗುತ್ತೆ ಅಂತ ಅದನ್ನು ಬಿಚ್ಚಿ ತಟ್ಟೆಯಗಲಕ್ಕೆ ಸುತ್ತಿಟ್ಟ.

ಆಫ್ ಆನಿಗಿಂತ ಒಂದು ಹೆಜ್ಜೆ ಮುಂದೆ ಹೋಗುವವರೂ ಇದ್ದಾರೆ. ಪಕ್ಕದ ಮನೆಯ ಯಜಮಾನರು ರಿಟೈರಾದ ಮೇಲೆ ಡಬ್ಬದ ಹಿಂದಿನ ಸಣ್ಣ ತೂತು ಕಂಡು, ಹೆಂಡತಿಯ ಬಳೆಯಲ್ಲಿ ತೂಗುತ್ತಿದ್ದ ಪಿನ್ನನ್ನು ತೆಗೆದುಕೊಂಡು, ಮೂವತ್ತರವರೆಗೆ ಎಣಿಸುತ್ತಾ ಒತ್ತಿ ಹಿಡಿದರು. ಅದು ರೀಸೆಟ್. ವೈಫೈ ಹೆಸರು, ಪಾಸ್‌ವರ್ಡು, ಕಂಪನಿಯ ಲಾಗಿನ್ ಎಲ್ಲ ಹೋಗಿ ಡಬ್ಬ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳಿತು. ಲಾಗಿನ್ ಬರೆದಿಟ್ಟ ಚೀಟಿ ಮಾತ್ರ ಮರಳಲಿಲ್ಲ. ಪುನರ್ಯೌವನ ಅಂತ ಹೊರಟು ಪುನರ್ಜನ್ಮ ಆಗಿತ್ತು.

ಸದ್ಯ ನಮ್ಮ ನೆಟ್ ಹೋಗುತ್ತಿಲ್ಲ. ನಮ್ಮವರು ನಿರುದ್ಯೋಗಿ. ಚಿಕ್ಕಪ್ಪನ ಮುಖ ನೋಡಲಾರದೆ ಅಕ್ಕನ ಮಗಳು, ರೌಟರಿನ ಪುಟದಲ್ಲೇ ವಾರಕ್ಕೊಂದು ಸಲ ತಾನಾಗಿ ಆಫ್ ಆಗಿ ಆನ್ ಆಗುವ ವ್ಯವಸ್ಥೆ ಇದೆ, ಹೊತ್ತು ನೀವೇ ಗೊತ್ತು ಮಾಡಿ ಅಂತ ಬಿಟ್ಟುಹೋದಳು. ರಾತ್ರಿ ಹನ್ನೊಂದು ಅಂದರೆ ಮಗನ ಗೇಮಿಗೆ ಆಗಷ್ಟೇ ಜನ ಸೇರುವ ಹೊತ್ತು. ಬೆಳಗಿನ ಆರು ಅಂದರೆ ಅಮೆರಿಕದಿಂದ ನಾದಿನಿಯ ವಿಡಿಯೋ ಕಾಲ್. ಮಧ್ಯಾಹ್ನ ಊಟದ ಹೊತ್ತಿಗೆ ಇಡಿ ಅಂತ ನಾನಂದೆ, ಯಾರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ತೀರಾ ಎಳೆದಾಡಿ ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆ ಅಂತ ತೀರ್ಮಾನವಾಗಿದೆ. ಅತ್ತೆಯದು ಒಂದೇ ಷರತ್ತು: ವೈಕುಂಠ ಏಕಾದಶಿ ಭಾನುವಾರ ಬಿದ್ದರೆ ಆ ವಾರ ಬೇಡ, ಆ ಹೊತ್ತಿಗೆ ಬಾಗಿಲು ತೆಗೆಯುವುದನ್ನು ಲೈವ್ ತೋರಿಸುತ್ತಾರೆ.